ಹುಬ್ಬು ಬರೆಸುವ ಮೊದಲು

ಐವತ್ತು ದಾಟಿದವರಿಗೆ ಕನ್ನಡಿ ಒಳ್ಳೆಯ ಸುದ್ದಿ ಹೇಳುವುದು ಅಪರೂಪ. ತಲೆಗೂದಲು ತೆಳುವಾದರೆ ತುರುಬಿಗೆ ಚೌರಿ ಸೇರಿಸಬಹುದು. ಹಲ್ಲು ಹೋದರೆ ಸೆರಗು ಅಡ್ಡ ಹಿಡಿದು ನಗಬಹುದು. ಹುಬ್ಬು ಉದುರಿದರೆ ಏನು ಮಾಡುವುದು? ಬಂಗಾರಪೇಟೆ ಹತ್ತಿರದ ಕೊಂಡೇನಹಳ್ಳಿಯ ಮುತ್ಯಾಲಮ್ಮನಿಗೆ ತೊಂಬತ್ತನಾಲ್ಕನೇ ಇಸವಿಯಲ್ಲಿ ಬಂದದ್ದು ಇದೇ ಪೀಕಲಾಟ.

ಮುತ್ಯಾಲಮ್ಮ ಊರಿನ ಅಂಗನವಾಡಿಯ ಆಯಾ. ಹನ್ನೊಂದು ವರ್ಷದಿಂದ ಮಕ್ಕಳಿಗೆ ಉಪ್ಪಿಟ್ಟು ಬೇಯಿಸಿ, ಮೂಗು ಒರೆಸಿ, ಅಳುವವರನ್ನು ಸೊಂಟಕ್ಕೆ ಏರಿಸಿಕೊಂಡು ಬಂದವಳು. ಎರಡು ವರ್ಷದಿಂದ ಅವಳ ಹುಬ್ಬು ಹೊರತುದಿಯಿಂದ ಸವೆಯುತ್ತಾ ಬಂದು ಈಗ ಮೂಗಿನ ಹತ್ತಿರ ನಾಲ್ಕು ಕೂದಲು ಉಳಿದಿದ್ದವು. ಮಿಕ್ಕಿದ್ದನ್ನು ಅವಳು ಕಾಡಿಗೆಯಲ್ಲಿ ಬರೆದುಕೊಳ್ಳುತ್ತಿದ್ದಳು. ಒಲೆಯ ಮುಂದೆ ಕೂತರೆ ಕಾಡಿಗೆ ಬೆವರಿನಲ್ಲಿ ಕರಗಿ ಕೆನ್ನೆಗೆ ಇಳಿಯುತ್ತಿತ್ತು. ಮಕ್ಕಳು ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ನಗು ನಿಂತದ್ದು ಮುನಿಶಾಮಮ್ಮನಿಂದ. ಹಿಂದಿನ ಬೀದಿಯ ಈ ಮುದುಕಿ ದಿನಾ ಮೊಮ್ಮಗನನ್ನು ಅಂಗನವಾಡಿಗೆ ಬಿಡಲು ಬರುತ್ತಿದ್ದಳು. ಒಂದು ದಿನ ಬಾಗಿಲಲ್ಲೇ ನಿಂತು ಮುತ್ಯಾಲಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು.

"ಉಬ್ಬು ಇಂಗೆ ಉದುರಿದ್ರೆ ಒಳ್ಳೇದಲ್ಲ ಕಣೇ. ದೊಡ್ಡ ಕಾಯಿಲೆ ಬಂದ್ರೆ ಮೊದ್ಲು ಉಬ್ಬೇ ಓಗೋದು."

ದೊಡ್ಡ ಕಾಯಿಲೆ ಎಂದರೆ ಆ ಊರಿನಲ್ಲಿ ಕುಷ್ಠ. ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುನಿಶಾಮಮ್ಮ ಮೊಮ್ಮಗನ ಕೈ ಹಿಡಿದು ಬಂದ ದಾರಿಗೆ ತಿರುಗಿದಳು. ಮಾರನೆಯ ದಿನ ಮೂರು ಮಕ್ಕಳು ಬರಲಿಲ್ಲ. ಅದರ ಮಾರನೆಯ ದಿನ ಏಳು. ಶನಿವಾರದ ಹೊತ್ತಿಗೆ ಮಾಡಿದ ಉಪ್ಪಿಟ್ಟು ಅರ್ಧಕ್ಕೆ ಅರ್ಧ ಪಾತ್ರೆಯಲ್ಲೇ ತಣ್ಣಗಾಯಿತು. ಕೆಲಸ ಹೋಗುತ್ತದೆಂಬ ಭಯ ಮುತ್ಯಾಲಮ್ಮನಿಗೆ ಇದ್ದೇ ಇತ್ತು. ಆದರೆ ತನ್ನ ಕೈಯಿಂದ ಊರಿನ ಮಕ್ಕಳು ಇನ್ನು ಉಣ್ಣುವುದಿಲ್ಲ ಎಂಬುದು ಅದಕ್ಕಿಂತ ಜಾಸ್ತಿ ಸುಡುತ್ತಿತ್ತು.

ಗಂಡ ಶ್ರೀರಾಮಪ್ಪ ಹಸುವಿಗೆ ಹುಲ್ಲು ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ಮೊಮ್ಮಕ್ಕಳನ್ನ ಕಂಡೋಳಿಗೆ ಉಬ್ಬು ಕಟ್ಕೊಂಡು ಏನಾಗ್ಬೇಕು, ಬಿಡೇ."

"ನಿಮ್ಮ ಮೀಸೆ ಉದುರಿದ್ದಿದ್ರೆ ಏಳ್ತಿದ್ರಿ, ಏನಾಗ್ಬೇಕು ಅಂತ."

ಶ್ರೀರಾಮಪ್ಪ ತನಗೆ ತಿಳಿಯದೆಯೇ ಮೀಸೆ ಮುಟ್ಟಿ ನೋಡಿಕೊಂಡ. "ಅಂಗಾದ್ರೆ ಸಂತೇಲಿ ಅಚ್ಚೆ ಉಯ್ಯೋಳು ಕೂತಿರ್ತಾಳಲ್ಲ, ಎರಡು ಗೀಟು ಎಳಿಸ್ಕೊಂಡು ಬಾ."

ಆದರೆ ಅಂಗನವಾಡಿಯ ಟೀಚರಮ್ಮ ಬೇರೆ ದಾರಿ ಹೇಳಿದ್ದಳು. ಅವಳ ಮನೆ ಆಂಡರ್ಸನ್‌ಪೇಟೆಯಲ್ಲಿ. ಅಲ್ಲಿ ಸಗಾಯಮೇರಿ ಎಂಬುವಳು ಮದ್ರಾಸಿನಲ್ಲಿ ಕಲಿತು ಬಂದು ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಸಣ್ಣ ಮಿಷನ್ನಿನ ಸೂಜಿಯಲ್ಲಿ ಹುಬ್ಬು ಬರೆಯುತ್ತಾಳೆ. ತೊಳೆದರೆ ಹೋಗುವುದಿಲ್ಲ, ಬೆವರಿದರೆ ಇಳಿಯುವುದಿಲ್ಲ, ಎರಡು ಮೂರು ವರ್ಷ ಇದ್ದು ತಾನಾಗಿಯೇ ಮಾಸುತ್ತದೆ. ಕೇಳಿದ ಕೂಡಲೇ ಮುತ್ಯಾಲಮ್ಮ ಮನಸ್ಸು ಗಟ್ಟಿ ಮಾಡಿಕೊಂಡಳು. ಹುಬ್ಬು ಬಂದರೆ ಮಾತು ನಿಲ್ಲುತ್ತದೆ, ಮಾತು ನಿಂತರೆ ಮಕ್ಕಳು ಬರುತ್ತಾರೆ.

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಬಂಗಾರಪೇಟೆಯಲ್ಲಿ ರೈಲು ಹತ್ತಿ ಆಂಡರ್ಸನ್‌ಪೇಟೆಗೆ ಹತ್ತಿರದ ಮಾರಿಕುಪ್ಪಂನಲ್ಲಿ ಇಳಿದರು. ಪಾರ್ಲರಿನ ಬಾಗಿಲಿಗೆ ಹೂವಿನ ಪರದೆ ಇತ್ತು. ಅದನ್ನು ಕಂಡದ್ದೇ ಶ್ರೀರಾಮಪ್ಪ ನಾಚಿಕೊಂಡು ಎದುರಿನ ಸೈಕಲ್ ಅಂಗಡಿಯ ಮುಂದೆ ನಿಂತುಬಿಟ್ಟ.

"ವಾಂಗಕ್ಕಾ, ಬನ್ನಿ, ಕೂತ್ಕೊಳ್ಳಿ," ಎಂದಳು ಸಗಾಯಮೇರಿ.

ಅವಳು ಮುತ್ಯಾಲಮ್ಮನ ಮುಖ ತೊಳೆಸಿದಳು. ಮೂಗಿನ ಪಕ್ಕದಿಂದ ದಾರ ಹಿಡಿದು ಹುಬ್ಬು ಎಲ್ಲಿ ಶುರುವಾಗಬೇಕು, ಎಲ್ಲಿ ಬಾಗಬೇಕು, ಎಲ್ಲಿ ಮುಗಿಯಬೇಕು ಎಂದು ಅಳೆದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ಕೂದಲು ಎಳೆದಂತೆ ಬರೆದಳು. ಐದು ನಿಮಿಷ ಆಗಿರಬೇಕು. ಕನ್ನಡಿ ಕೈಗೆ ಬಂತು.

ಮುತ್ಯಾಲಮ್ಮ ಅದನ್ನು ಮುಖದ ಹತ್ತಿರ ತಂದಳು. ಮೂಗು ಅದೇ, ಬಾಯಿ ಅದೇ, ಸುಕ್ಕೂ ಅವೇ. ಆದರೂ ಕಳೆದುಹೋದ ಮುಖವನ್ನು ಯಾರೋ ಹುಡುಕಿ ತಂದುಕೊಟ್ಟಂತೆ ಇತ್ತು. ಬೆರಳುದ್ದದ ಎರಡು ಗೆರೆಗಳಿಗೆ ಇಷ್ಟು ಶಕ್ತಿ ಇದೆಯೇ ಎಂದು ಅವಳು ಬೆರಗಾಗಿ ಕೂತಳು.

"ಇದ್ನೇ ಸೂಜೀಲಿ ಬರ್ದುಬಿಡಮ್ಮ. ಇವತ್ತೇ."

ಸಗಾಯಮೇರಿ ಸೂಜಿ ತೆಗೆಯಲಿಲ್ಲ. ಮುತ್ಯಾಲಮ್ಮನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಅಕ್ಕಾ, ನಿಮಗೆ ಎಲ್ಲರಿಗಿಂತ ಜಾಸ್ತಿ ಚಳಿ ಆಗತ್ತಾ?"

"ಊಂ, ಬೇಸಿಗೇಲೂ ಕಂಬ್ಳಿ ಒದ್ಕೊಂಡೇ ಮಲಗ್ತೀನಿ."

"ಎಷ್ಟು ಮಲಗಿದ್ರೂ ಸುಸ್ತು? ಕಡಿಮೆ ತಿಂದ್ರೂ ಮೈ ಊದ್ಕೊಳತ್ತೆ? ಧ್ವನಿ ಮೊದಲಿನ ಹಾಗಿಲ್ಲ?"

ಕಣಿ ಹೇಳುವವಳ ಮುಂದೆ ಕೂತ ಹಾಗಾಯಿತು ಮುತ್ಯಾಲಮ್ಮನಿಗೆ. "ನಿಂಗೆಂಗೆ ಗೊತ್ತಾಯ್ತಮ್ಮ ಇದೆಲ್ಲಾ?"

"ಮುಖ ನೋಡೋದೇ ನನ್ನ ಕೆಲಸ ಅಲ್ವಾ. ನಾನು ಇವತ್ತು ಬರೆಯಲ್ಲ ಅಕ್ಕಾ. ಮೊದಲು ಡಾಕ್ಟರ್ ಹತ್ರ ಹೋಗೋಣ."

ಮುತ್ಯಾಲಮ್ಮನ ಕಣ್ಣು ತುಂಬಿಕೊಂಡವು. ಮುನಿಶಾಮಮ್ಮ ಹೇಳಿದ್ದು, ಮಕ್ಕಳು ಬಾರದೆ ಹೋದದ್ದು, ಎಲ್ಲವನ್ನೂ ಹೇಳಿದಳು. "ಡಾಕ್ಟ್ರು ಅದೇ ಕಾಯಿಲೆ ಅಂದ್ಬಿಟ್ರೆ ನಾನೆಲ್ಲಿಗೆ ಓಗ್ಲಿ? ಅದ್ಕೇ ಬರ್ದುಬಿಡು ಅಂತಿದೀನಿ. ಮುಚ್ಚಿಬಿಟ್ರೆ ಯಾರ್ಗೂ ಕಾಣಾಕಿಲ್ಲ."

"ಊರಿಗೆ ಕಾಣಲ್ಲ. ಕಾಯಿಲೆ ಒಳಗೇ ಇದ್ರೆ ಅದು ಸುಮ್ನೆ ಇರತ್ತಾ? ವಯಸ್ಸಾಯ್ತು ಅಂತ ಉದುರಿರೋದು ಆದ್ರೆ ನಾನೇ ಖುಷಿಯಾಗಿ ಬರೀತೀನಿ. ತುಂಬಾ ಜನಕ್ಕೆ ಹಾಗೇ ಆಗೋದು. ಆದ್ರೆ ಯಾಕೆ ಉದುರ್ತು ಅಂತ ಗೊತ್ತಿಲ್ದೆ ಸೂಜಿ ಇಟ್ರೆ ನಿಮ್ಮ ಮೈ ಹೇಳ್ತಾ ಇರೋ ಮಾತನ್ನ ನಾನೇ ಅಳಿಸಿದ ಹಾಗೆ."

"ಅಂಗಾದ್ರೆ ಸಂತೇಲಿ ಅಚ್ಚೆ ಉಯ್ಯಿಸ್ಕೋತೀನಿ ಬಿಡು."

ಸಗಾಯಮೇರಿ ಡಬ್ಬಿಯಿಂದ ಬಾಯಿ ಒಡೆಯದ ಒಂದು ಪೊಟ್ಟಣ ತೆಗೆದು ತೋರಿಸಿದಳು. ಒಳಗೆ ಕೂದಲಿನಷ್ಟು ಸಣ್ಣ ಸೂಜಿ ಇತ್ತು. "ಒಬ್ಬರಿಗೆ ಒಂದು. ನಿಮ್ಮ ಕಣ್ಣೆದುರಿಗೇ ಒಡೀಬೇಕು, ಕೆಲಸ ಮುಗಿದ ಮೇಲೆ ಬಿಸಾಕಬೇಕು. ಸಂತೇಲಿ ಒಂದೇ ಸೂಜಿ ಬೆಳಿಗ್ಗೆಯಿಂದ ಎಷ್ಟು ಜನರ ರಕ್ತ ಮುಟ್ಟಿರತ್ತೆ, ಯೋಚನೆ ಮಾಡಿ. ಕಾಮಾಲೆ ಬರಬಹುದು, ಏಡ್ಸೇ ಬರಬಹುದು. ನಾನು ಬರೆದ್ರೂ ಅಷ್ಟೇ, ಮೊದಲು ಕಿವಿ ಹಿಂದೆ ಒಂದು ಚುಕ್ಕಿ ಬಣ್ಣ ಇಟ್ಟು ಒಂದೆರಡು ದಿನ ಕಾಯ್ತೀನಿ. ಕಡಿತ, ಊತ ಬಂದ್ರೆ ಬರೆಯೋದೇ ಇಲ್ಲ. ಸಕ್ಕರೆ ಕಾಯಿಲೆ ಇದ್ರೆ ಗಾಯ ಬೇಗ ಮಾಯಲ್ಲ, ಅದನ್ನೂ ಕೇಳ್ತೀನಿ."

ಮುತ್ಯಾಲಮ್ಮ ಸಂತೆಯ ಆಸೆ ಬಿಟ್ಟು ಎದ್ದಳು. ಸಗಾಯಮೇರಿ ಅಂಗಡಿಗೆ ಬೀಗ ಹಾಕಿದಳು. ಒಂದು ಗಿರಾಕಿಯ ದುಡ್ಡು ಬಿಟ್ಟು, ಗುರುತಿಲ್ಲದ ಹಳ್ಳಿ ಹೆಂಗಸಿನ ಕೈ ಹಿಡಿದು ಆಸ್ಪತ್ರೆಗೆ ನಡೆದಳು. ಲೋಕದಲ್ಲಿ ಇಂಥವರೂ ಇರುತ್ತಾರೆಯೇ ಎಂದುಕೊಳ್ಳುತ್ತಾ ಮುತ್ಯಾಲಮ್ಮ ಹಿಂದೆ ಹೋದಳು. ಅವಳ ಹಿಂದೆ ಶ್ರೀರಾಮಪ್ಪ.

ಚರ್ಮದ ಡಾಕ್ಟರ ಕೋಣೆಯ ಮುಂದೆ ಕೋದಂಡಪ್ಪ ಎಂಬ ನೌಕರ ಇದ್ದ. ಐವತ್ತರ ಆಸುಪಾಸು, ದಪ್ಪ ಹುಬ್ಬು, ನಗುಮುಖ. ಮುತ್ಯಾಲಮ್ಮನ ಗಾಬರಿ ನೋಡಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟ. ಅವಳು ಎರಡು ಲೋಟ ಕುಡಿದಳು. ಆಮೇಲೆ ಅವನು ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಹತ್ತಿಯ ಎಳೆಯೊಂದನ್ನು ಕೆನ್ನೆ, ಕೈ, ಕಾಲಿಗೆ ತಾಗಿಸುತ್ತಾ ಹೋದ. ತಾಗಿದಲ್ಲೆಲ್ಲಾ ಮುತ್ಯಾಲಮ್ಮ ಬೆರಳಿಟ್ಟು ತೋರಿಸಿದಳು. ಒಂದೂ ತಪ್ಪಲಿಲ್ಲ.

"ಆ ಕಾಯಿಲೆ ಇದ್ರೆ ಮಚ್ಚೆ ಬಿದ್ದ ಜಾಗದಲ್ಲಿ ಮುಟ್ಟಿದ್ರೆ ತಿಳಿಯಾಕಿಲ್ಲ. ನಿಂಗೆ ಮುಟ್ಟಿದ್ದೆಲ್ಲಾ ತಿಳೀತೈತೆ, ಮಚ್ಚೆನೂ ಇಲ್ಲ. ಡಾಕ್ಟ್ರೂ ನೋಡ್ತಾರೆ, ಎದ್ರುಕೋಬ್ಯಾಡಕ್ಕ," ಎಂದ ಕೋದಂಡಪ್ಪ. "ಒಂದು ವೇಳೆ ಆ ಕಾಯಿಲೇನೇ ಆಗಿದ್ರೂ ಏನಂತೆ? ನಂಗೆ ಬಂದಿತ್ತಲ್ಲ."

ಮುತ್ಯಾಲಮ್ಮ ಕಣ್ಣು ಬಿಟ್ಟಳು.

"ಎರಡು ವರ್ಸ ಮಾತ್ರೆ ನುಂಗ್ದೆ. ಪುಕ್ಕಟೆ ಕೊಡ್ತಾರೆ. ಪೂರಾ ವಾಸಿ ಆಯ್ತು. ಉಬ್ಬು ಮಾತ್ರ ವಾಪಸ್ ಬರ್ಲಿಲ್ಲ, ಅದ್ನ ಈ ತಂಗೀನೇ ಬರ್ದುಕೊಟ್ಳು," ಎಂದು ಸಗಾಯಮೇರಿಯನ್ನು ತೋರಿಸಿ ನಕ್ಕ.

ಮುತ್ಯಾಲಮ್ಮ ಆ ಹುಬ್ಬನ್ನೇ ನೋಡಿದಳು. ಬರೆದದ್ದು ಎಂದು ದೇವರಾಣೆಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ತನ್ನ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದಳು. ಊರಿನವರು ತನ್ನ ಕೈಯ ಉಪ್ಪಿಟ್ಟು ಮುಟ್ಟದೆ ಹೋದ ಕಾರಣಕ್ಕೆ ಅತ್ತವಳು, ಅದೇ ಕಾಯಿಲೆ ಬಂದು ಹೋದವನ ಕೈಯ ಟೀ ಕುಡಿದು ಸಮಾಧಾನ ಮಾಡಿಕೊಂಡಿದ್ದಳು. ಮೊದಲೇ ಗೊತ್ತಿದ್ದರೆ ಕುಡಿಯುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ ಎಂಬ ಉತ್ತರ ಬಂತು. ಅವಳಿಗೆ ನಾಚಿಕೆಯಾಯಿತು.

ಡಾಕ್ಟರು ಕಿವಿ, ನರ, ಚರ್ಮ ಎಲ್ಲ ನೋಡಿ ಕುಷ್ಠ ಅಲ್ಲ ಎಂದರು. ಕುತ್ತಿಗೆ ಮುಟ್ಟಿ ನೋಡಿ, ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ಒಂದು ವಾರಕ್ಕೆ ಉತ್ತರ ಬಂತು: ಥೈರಾಯ್ಡ್.

"ಗಂಟಲ ಹತ್ರ ಚಿಟ್ಟೆ ಆಕಾರದ ಒಂದು ಗ್ರಂಥಿ ಇದೆಯಮ್ಮ. ಅದು ಸೋಮಾರಿ ಆಗಿದೆ. ಚಳಿ, ಸುಸ್ತು, ಊತ, ಧ್ವನಿ ಒಡೆದದ್ದು, ಹುಬ್ಬು ಉದುರಿದ್ದು, ಎಲ್ಲಾ ಅದರದ್ದೇ ಕೆಲಸ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ನಾನು ಹೇಳದೆ ಬಿಡಬೇಡಿ."

ಮಾತ್ರೆ ತೊಗರಿಕಾಳಿಗಿಂತ ಚಿಕ್ಕದಾಗಿತ್ತು. ಮುತ್ಯಾಲಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಗಂಟಲಲ್ಲೊಂದು ಚಿಟ್ಟೆ ಕೂತು ಹುಬ್ಬಿನ ಕೂದಲನ್ನೂ ಮೈಯ ಚಳಿಯನ್ನೂ ಆಳುತ್ತದಂತೆ. ಐವತ್ತಮೂರು ವರ್ಷ ಈ ಮೈಯೊಳಗೇ ಇದ್ದುಕೊಂಡು ಅವಳಿಗೆ ಅದು ಗೊತ್ತೇ ಇರಲಿಲ್ಲ. ಶ್ರೀರಾಮಪ್ಪನೂ ಮೆಲ್ಲಗೆ ತನ್ನ ಗಂಟಲು ಮುಟ್ಟಿಕೊಂಡ. "ನಾನು ವಯಸ್ಸಾಯ್ತು ಬಿಡು ಅಂತಿದ್ದೆ. ತಪ್ಪಾಯ್ತು ಕಣೇ," ಎಂದ.

ಮಾರನೆಯ ಬೆಳಿಗ್ಗೆ ಟೀಚರಮ್ಮ ತಾಯಂದಿರನ್ನೆಲ್ಲ ಅಂಗನವಾಡಿಯ ಅಂಗಳಕ್ಕೆ ಕರೆಸಿ ಡಾಕ್ಟರ ಚೀಟಿ ಓದಿದಳು. ಹೆಂಗಸರ ಮುಖ ಸಡಿಲವಾಯಿತು. "ಅದಲ್ಲ ಅಂದ್ಮೇಲೆ ಸರಿ ಬಿಡು," ಎಂದರು. ಮುತ್ಯಾಲಮ್ಮನಿಗೆ ಮಕ್ಕಳು ವಾಪಸ್ ಸಿಕ್ಕಿದ್ದರು. ಅಲ್ಲಿಗೇ ಅವಳು ಸುಮ್ಮನಾಗಬಹುದಿತ್ತು.

ಆಗಲಿಲ್ಲ. ಕೋದಂಡಪ್ಪನ ಟೀ ಗಂಟಲಲ್ಲೇ ಇತ್ತು.

"ಅದೇ ಆಗಿದ್ರೂ ಮಾತ್ರೆ ನುಂಗಿ ವಾಸಿ ಮಾಡ್ಕೊಂಡು ಇದೇ ಒಲೆ ಮುಂದೆ ಬಂದು ಕೂತ್ಕೋತಿದ್ದೆ," ಎಂದಳು. "ವಾಸಿ ಆದೋರನ್ನ ನಾನೇ ಕಣ್ಣಾರೆ ನೋಡ್ಕೊಂಡು ಬಂದೆ. ಅವ್ರ ಕೈಯ್ಯಾರೆ ಟೀ ಕುಡ್ದೆ."

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಹೇಳಬಾರದಿತ್ತೇನೋ ಎಂದುಕೊಂಡು ಮುತ್ಯಾಲಮ್ಮ ಒಳಗೆ ಪಾತ್ರೆ ಉಜ್ಜಲು ಕೂತಳು.

ತಲೆ ಎತ್ತಿದರೆ ಬಾಗಿಲಲ್ಲಿ ಮುನಿಶಾಮಮ್ಮ ನಿಂತಿದ್ದಳು. ಇನ್ನೇನು ಆಡಲು ಬಂದಳೋ ಎಂದು ಮುತ್ಯಾಲಮ್ಮನಿಗೆ ಸಿಟ್ಟು ಏರಿತು. ಮುದುಕಿ ಹಿಂದೆ ಮುಂದೆ ನೋಡಿ ಸೆರಗು ಸರಿಸಿದಳು. ತೋಳಿನ ಮೇಲೆ, ರವಿಕೆಯ ಅಂಚಿಗೆ, ಒಂದು ರೂಪಾಯಿ ಅಗಲದ ಬಿಳಿಚಿಕೊಂಡ ಮಚ್ಚೆ ಇತ್ತು.

"ಎರಡು ವರ್ಸ ಆಯ್ತು ಕಣೇ. ಕೆಂಡ ತಗಲಿದ್ರೂ ತಿಳೀಲಿಲ್ಲ. ಯಾರ್ಗೂ ಏಳಿಲ್ಲ. ಎಲ್ರೂ ನಿನ್ನ ಮುಖ ನೋಡ್ತಾ ಇದ್ರೆ ನನ್ನ ತೋಳು ಯಾರೂ ನೋಡಾಕಿಲ್ಲ ಅನ್ಕೊಂಡೆ."

ಮುತ್ಯಾಲಮ್ಮನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಎರಡು ವರ್ಷ ಈ ಮುದುಕಿ ಅದನ್ನು ಒಬ್ಬಳೇ ಹೊತ್ತು ತಿರುಗಿದ್ದಳಲ್ಲ ಎಂದುಕೊಂಡು ಎದ್ದು ನಿಂತಳು. ಆಮೇಲೆ ಕೈ ಒರೆಸಿಕೊಂಡು, ಅಂಗೈಯನ್ನು ಆ ಮಚ್ಚೆಯ ಮೇಲೆ ಇಟ್ಟಳು. ಮುನಿಶಾಮಮ್ಮನ ಚರ್ಮಕ್ಕೆ ಅದು ತಿಳಿಯಲಿಲ್ಲ. ಕಣ್ಣಿಗೆ ಕಂಡಿತು, ಮುದುಕಿ ಬಿಕ್ಕಿ ಬಿಕ್ಕಿ ಅತ್ತಳು.

"ನಾಳೆ ಬೆಳಿಗ್ಗೆ ರೈಲಲ್ಲಿ ಆಸ್ಪತ್ರೆಗೆ ಓಗಾನ," ಎಂದಳು ಮುತ್ಯಾಲಮ್ಮ. "ನಾನೂ ಬತ್ತೀನಿ."

ಇದ್ದದ್ದು ಒಂದೇ ಮಚ್ಚೆಯಾದ್ದರಿಂದ ಮುನಿಶಾಮಮ್ಮ ಆರೇ ತಿಂಗಳು ಮಾತ್ರೆ ನುಂಗಿ ವಾಸಿಯಾದಳು. ಅಷ್ಟು ಹೊತ್ತಿಗೆ ಮುತ್ಯಾಲಮ್ಮನ ಸುಸ್ತು ಹೋಗಿ, ಹುಬ್ಬಿನಲ್ಲಿ ಹೊಸ ಕೂದಲು ಮೊಳೆತಿತ್ತು. ಹೊರತುದಿ ಮಾತ್ರ ತೆಳುವಾಗಿಯೇ ಉಳಿಯಿತು. ಒಂದು ತಿಂಗಳು ಪೆನ್ಸಿಲಿನಲ್ಲಿ ಬರೆದುಕೊಂಡು ನೋಡಿ, ಡಾಕ್ಟರನ್ನು ಕೇಳಿ, ಕಿವಿ ಹಿಂದೆ ಚುಕ್ಕಿ ಇಡಿಸಿಕೊಂಡು, ಹೊಸ ಸೂಜಿಯ ಪೊಟ್ಟಣವನ್ನು ತನ್ನೆದುರೇ ಒಡೆಸಿ ಅವಳು ತುದಿ ಬರೆಸಿಕೊಂಡಳು. ಈ ಸಲ ಮುಚ್ಚಿಡಲು ಏನೂ ಇರಲಿಲ್ಲ, ಚೆಂದಕ್ಕೆ ಬರೆಸಿದ್ದು. ಶ್ರೀರಾಮಪ್ಪ ಪರದೆ ಸರಿಸಿ ಒಳಗೇ ಬಂದು ಕೂತಿದ್ದ.

ಅಕ್ಕಂದಿರೇ, ಅಣ್ಣಂದಿರೇ, ವಯಸ್ಸಾದ ಮೇಲೆ ಹುಬ್ಬು ತೆಳುವಾಗುವುದು ಸಹಜ. ಬರೆಸಿಕೊಳ್ಳಬೇಕು ಅನ್ನಿಸಿದರೆ ಬರೆಸಿಕೊಳ್ಳಿ, ಅದರಲ್ಲಿ ನಾಚಿಕೆ ಇಲ್ಲ. ಆದರೆ ಯಾಕೆ ಉದುರಿತು ಎಂದು ಮೊದಲು ಡಾಕ್ಟರನ್ನು ಕೇಳಿ. ಬರೆಯುವವರು ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣ ಮುಂದೆ ಒಡೆಯದಿದ್ದರೆ ಎದ್ದು ಬನ್ನಿ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಇಂದೇ ತೋರಿಸಿ, ಮಾತ್ರೆ ಪುಕ್ಕಟೆ, ಕಾಯಿಲೆ ವಾಸಿಯಾಗುತ್ತದೆ. ನಿಮ್ಮ ಬೀದಿಯಲ್ಲೂ ಬೇಸಿಗೆಯಲ್ಲಿ ಸೆರಗು ಬಿಗಿಯಾಗಿ ಹೊದ್ದುಕೊಂಡು ಓಡಾಡುವ ಒಬ್ಬಳು ಇರಬಹುದು. ಆಸ್ಪತ್ರೆಗೆ ಹೊರಟಾಗ ಅವಳ ಮನೆಯ ಬಾಗಿಲನ್ನೂ ತಟ್ಟಿ, ಜೊತೆಗೆ ಬರುತ್ತೀಯಾ ಎಂದು ಕೇಳಿ.