ಟೈಲರ್ ಕಟ್ಟಿದ ಬಚ್ಚಲುಮನೆ

ಗಾರೆ ಕೆಲಸದ ನರಸಯ್ಯ ಬಿಳಿ ಪಂಚೆಯ ಒಂದು ತುದಿಯನ್ನು ರುದ್ರಯ್ಯನ ಎದೆಗೆ ಸುತ್ತಿ, ಇನ್ನೊಂದು ತುದಿಯನ್ನು ನಡುಮನೆಯ ಕಂಬಕ್ಕೆ ಬಿಗಿಯುತ್ತಿದ್ದ. ಮೈ ಸೆಟೆಯುವ ಮೊದಲೇ ಕೂರಿಸಬೇಕು. ಈ ಮನೆತನದಲ್ಲಿ ಸತ್ತವರು ಮಲಗಿ ಹೋಗುವುದಿಲ್ಲ, ಚಕ್ಕಳಮಕ್ಕಳ ಹಾಕಿಕೊಂಡು ಕೂತೇ ಹೋಗುತ್ತಾರೆ. ಕಲ್ಲಮ್ಮ ಗಂಡನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದ್ದಳು. ಸೂರಿನ ಕಿಟಕಿಯಿಂದ ಇಳಿದ ಬಿಸಿಲು ಅವನ ಹೆಗಲ ಮೇಲೆ ಬಿದ್ದಿತ್ತು.

"ಇನ್ನೊಂಚೂರು ಎಡಕ್ಕೆ ಸರ್ಸು ನರಸಯ್ಯ," ಅಂದಳು. "ಬೆಳಕು ಮುಖದ ಮೇಲೆ ಬೀಳ್ಲಿ."

ಗುಬ್ಬಿ ಪೇಟೆಯಲ್ಲಿ ಮೂವತ್ತೈದು ವರ್ಷ ಮಿಷನ್ ತುಳಿದ ಟೈಲರ್ ರುದ್ರಯ್ಯ ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ಏಳಲಿಲ್ಲ. ಎಂಟರ ಹೊತ್ತಿಗೆ ಬೀದಿಯವರೆಲ್ಲ ಬಂದರು. ಒಂಬತ್ತಕ್ಕೆ ಮಗಳು ಪಲ್ಲವಿ ತುಮಕೂರಿನ ಬಟವಾಡಿಯಿಂದ ಗಂಡನ ಜೊತೆ ಬಂದು, ಅಪ್ಪನ ಕಾಲು ಹಿಡಿದು ಅತ್ತು, ಎದ್ದು ಹೋಗಿ ಹಂಡೆಗೆ ಬೆಂಕಿ ಹಾಕಿದಳು. ಬಂದವರೆಲ್ಲ ಮೊದಲು ಸತ್ತವನ ಮುಖ ನೋಡುತ್ತಿದ್ದರು, ಆಮೇಲೆ ಆ ಬೆಳಕು ಎಲ್ಲಿಂದ ಬರುತ್ತಿದೆಯೆಂದು ತಲೆ ಎತ್ತುತ್ತಿದ್ದರು. ಮಂಗಳೂರು ಹೆಂಚಿನ ಇಳಿಜಾರು ಸೂರಿನ ಮಧ್ಯೆ, ತನ್ನದೇ ಪುಟ್ಟ ಎರಡು ಇಳಿಜಾರು ಹೊತ್ತು ಎದ್ದು ನಿಂತ ಕಿಟಕಿ. ರುದ್ರಯ್ಯ ಅದನ್ನು ಮರಿಸೂರು ಅನ್ನುತ್ತಿದ್ದ. ಪಲ್ಲವಿಯ ಮಾವನವರು ಅಳು ಮುಖದಲ್ಲೇ, ಯಾವ ಮೇಸ್ತ್ರಿ ಮಾಡಿದ್ದು ಇದನ್ನ ಎಂದು ಕೇಳಿಬಿಟ್ಟರು. ಕಲ್ಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅವರೇ ಮಾಡಿದ್ದು," ಅಂದಳು. "ಬಚ್ಚಲೂ ಅವರೇ. ಯಾರ ಕೈಲೂ ಒಂದಿಟ್ಟಿಗೆ ಇಡಿಸ್ಲಿಲ್ಲ."

ಗಂಡ ಸತ್ತ ದಿನ ಎದೆ ಉಬ್ಬಬಾರದು ಎಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಅವಳಿಗೆ ಗೊತ್ತಿರಲಿಲ್ಲ. ಉಬ್ಬಿತು.

ಹತ್ತು ಗಂಟೆಗೆ ಬಾಗಿಲ ಮುಂದೆ ಟೆಂಪೋ ಬಂದು ನಿಂತಿತು. ಇಳಿದವರು ರುದ್ರಯ್ಯನ ಅಣ್ಣ ವೀರಭದ್ರಯ್ಯ, ಕುಣಿಗಲ್ ಕಡೆ ಯಡಿಯೂರಿನ ಹತ್ತಿರದ ಹಳ್ಳಿಯವರು. ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಎರಡೂ ಮಂಡಿ ಕೆಟ್ಟಿವೆ, ಹಟ ಮಾತ್ರ ಗಟ್ಟಿಮುಟ್ಟಾಗಿದೆ. ಶಾಮಿಯಾನದ ಕೆಳಗೇ ನಿಂತರು. ಹೊಸ್ತಿಲು ದಾಟಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಎಂಟು ವರ್ಷದಿಂದ ಹಾಗೆಯೇ. ಪಲ್ಲವಿಯ ಮದುವೆಗೆ ಛತ್ರಕ್ಕೆ ಬಂದು ಅಕ್ಷತೆ ಹಾಕಿ ಹಾಗೇ ಬಸ್ಸು ಹತ್ತಿದ್ದರು.

"ಅವ್ಳಿಗೆ ಹೇಳು," ಎಂದರು ನರಸಯ್ಯನಿಗೆ, ಕಲ್ಲಮ್ಮನಿಗೆ ಕೇಳುವ ಹಾಗೆ. "ಗಾಡಿ ತಂದಿದೀನಿ. ಊರ್ನಲ್ಲಿ ನಮ್ಮ ಅಂಗಳದಾಗೆ ನೀರು ಹಾಕಿ, ನಮ್ಮ ಹೊಲ್ದಾಗೆ ಮಣ್ಣು ಮಾಡ್ತೀವಿ. ಕಕ್ಕಸಿನ ಸೂರ್ ಕೆಳಗಿಂದ ನನ್ ತಮ್ಮನ್ನ ಕಳ್ಸಕಾಗಲ್ಲ."

ಕಲ್ಲಮ್ಮ ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ನಿಂತು ಮಾತಾಡಿದವಳಲ್ಲ. ಇವತ್ತೂ ನರಸಯ್ಯನ ಬಾಯಲ್ಲೇ ಉತ್ತರ ಕಳಿಸಿದಳು: ಅವರು ಕಟ್ಟಿದ ಮನೆಯಿಂದಲೇ ಅವರು ಹೋಗೋದು, ಬೇರೆ ಮಾತಿಲ್ಲ. ಆದರೆ ಒಂದು ತೊಡಕಿತ್ತು. ಮನೆತನದ ಹಿರಿಯ ಮೊದಲ ಚೊಂಬು ನೀರು ಹಾಕದೆ ಕೊನೆಯ ಸ್ನಾನ ಶುರುವಾಗುವುದಿಲ್ಲ. ಹಿರಿಯರು ಹೊರಗೆ ನಿಂತಿದ್ದರು. ಮಠದ ಅಯ್ಯನವರು ಬಂದು ಕೂತು, ಅವರನ್ನೂ ಇವಳನ್ನೂ ನೋಡಿ, ವಿಭೂತಿ ತಟ್ಟೆಯನ್ನು ಪಕ್ಕಕ್ಕಿಟ್ಟರು. ಹಂಡೆಯ ನೀರು ಕಾದು ಕುದಿಯಿತು, ಪಲ್ಲವಿ ಉರಿ ತಗ್ಗಿಸಿದಳು.

*

ಅದೆಲ್ಲ ಶುರುವಾದದ್ದು ತೊಂಬತ್ತೆಂಟರಲ್ಲಿ, ಒಂದು ಲೋಟ ನೀರಿನಿಂದ.

ರಾತ್ರಿ ಊಟಕ್ಕೆ ಕೂತಾಗ ಮಗಳ ತಟ್ಟೆಯ ಪಕ್ಕ ಲೋಟ ತುಂಬಿದ ಹಾಗೇ ಇತ್ತು. ನಿನ್ನೆಯೂ ಹಾಗೇ ಇದ್ದದ್ದು ರುದ್ರಯ್ಯನಿಗೆ ನೆನಪಾಯಿತು. ಯಾಕೆ ಎಂದ. ಹದಿನಾಲ್ಕು ವರ್ಷದ ಪಲ್ಲವಿ ತಲೆ ತಗ್ಗಿಸಿದಳು. ಕಲ್ಲಮ್ಮನೇ ಹೇಳಬೇಕಾಯಿತು.

"ಹಿಂದಿನ ಸೈಟಿಗೆ ಕತ್ತಲಾದ ಮೇಲೆ ಒಂದ್ಸಲ ಹೋಗೋದು. ನಡುವೆ ಹೋಗಕಾಗಲ್ಲ, ಗಂಡಸ್ರು ಓಡಾಡ್ತಿರ್ತಾರೆ. ಅದಕ್ಕೇ ಕುಡಿಯಲ್ಲ. ನಾನೂ ಇಪ್ಪತ್ತೈದು ವರ್ಷದಿಂದ ಕುಡಿದಿಲ್ಲ. ನೀವು ಈಗ ಕೇಳ್ತಿದೀರ."

ರುದ್ರಯ್ಯ ತಟ್ಟೆಯಲ್ಲೇ ಕೈ ತೊಳೆದ. ಮಾರನೆಯ ದಿನ ನರಸಯ್ಯನನ್ನು ಕರೆದ. ಆಗ ನರಸಯ್ಯನಿಗೆ ಬಿಡುವಿಲ್ಲದ ಕೆಲಸ, ಆರು ತಿಂಗಳು ತಡಿ ಅಂದ. ಆರು ತಿಂಗಳು ನನ್ನ ಮಗಳು ನೀರು ಕುಡೀದೆ ಇರಬೇಕೇನಯ್ಯ ಎಂದು ಬೈದು ಕಳಿಸಿದ ರುದ್ರಯ್ಯ, ಮುಂದಿನ ಮಂಗಳವಾರ ಅಂಗಡಿಗೆ ರಜಾ ಹಾಕಿ, ಬಟ್ಟೆಗೆ ಗೆರೆ ಎಳೆಯುವ ಬಳಪದಲ್ಲಿ ಹಿತ್ತಲ ಗೋಡೆಯ ಮೇಲೆ ಗುರುತು ಹಾಕಿದ. ಅಳತೆ ಗೊತ್ತಿದ್ದರೆ ಏನನ್ನು ಬೇಕಾದರೂ ಹೊಲಿಯಬಹುದು ಎನ್ನುವುದು ಅವನ ನಂಬಿಕೆ. ಬಾಗಿಲಿಗೆ ಅಳತೆ ಯಾರದ್ದು ಎಂದರೆ ಹೆಂಡತಿಯದ್ದು. ಅವಳನ್ನು ನಿಲ್ಲಿಸಿ, ಬಿಂದಿಗೆ ಕಂಕುಳಲ್ಲಿ ಹಿಡಿಸಿ, ಮೊಣಕೈಯಿಂದ ಮೊಣಕೈಗೆ ಟೇಪು ಎಳೆದ. ಮಂಗಳವಾರ ಮಂಗಳವಾರ ಸೇರಿಸಿ ಏಳು ತಿಂಗಳಿಗೆ ಬಚ್ಚಲು ಎದ್ದಿತು. ಒಂದು ಮೂಲೆಯಲ್ಲಿ ಹಂಡೆ ಒಲೆ, ಇನ್ನೊಂದು ಮೂಲೆಯಲ್ಲಿ ಕಕ್ಕಸು, ಮನೆಯ ಸೂರನ್ನೇ ಹಿಂದಕ್ಕೆ ಎಳೆದು ಮೇಲೆ ಹೊದಿಸಿದ್ದ.

ನೋಡಲು ಬಂದ ವೀರಭದ್ರಯ್ಯ ಕೆಂಡವಾದರು. ಇಷ್ಟಲಿಂಗ ಪೂಜೆ ನಡೆಯುವ ಸೂರಿನಡಿಯಲ್ಲೇ ಕಕ್ಕಸೇ, ಬುದ್ಧಿ ಎಲ್ಲಿಟ್ಟಿದೀಯ ಎಂದು ಕೂಗಾಡಿದರು. ಒಡೆದು ಹಾಕು ಅಂದರು. ಒಡೆಯಲ್ಲ ಅಂದ ತಮ್ಮ. ಹಾಗಾದರೆ ಈ ಮನೆಯಲ್ಲಿ ನಾನು ನೀರು ಮುಟ್ಟಲ್ಲ ಎಂದು ಅಣ್ಣ ಹೊರಟೇಬಿಟ್ಟರು. ಅವತ್ತು ಸಂಜೆ ಪಲ್ಲವಿ ಅಪ್ಪನ ಎದುರೇ ಎರಡು ಲೋಟ ನೀರು ಕುಡಿದಳು, ಬೇಕೆಂದೇ, ಗಟಗಟನೆ.

ಗೆದ್ದೆ ಅಂದುಕೊಂಡರೆ, ಬಚ್ಚಲ ಗೋಡೆ ನಡುಮನೆಯ ಇದ್ದೊಂದು ಕಿಟಕಿಯನ್ನು ನುಂಗಿಹಾಕಿತ್ತು. ಕಟ್ಟುವಾಗ ಟೈಲರಿಗೆ ಅದು ಹೊಳೆದೇ ಇರಲಿಲ್ಲ. ಮಟಮಟ ಮಧ್ಯಾಹ್ನ ದೀಪ ಹಾಕಬೇಕಾಯಿತು. ಗುಂಡಿ, ದಾರ ತರಲು ತುಮಕೂರಿಗೆ ಹೋದವನು ಶಿರಾ ಗೇಟಿನ ಹತ್ತಿರ ಒಂದು ಹಳೆಯ ಬಂಗಲೆಯ ಸೂರಿನಲ್ಲಿ ಇಂಥ ಕಿಟಕಿ ಕಂಡು, ಬಿಸಿಲಲ್ಲಿ ಒಂದು ಗಂಟೆ ನಿಂತು ನೋಡಿ ಬಂದ. ಸೂರಿಗೆ ತೋಳು ಜೋಡಿಸೋದು ಅಷ್ಟೇ ಕಣೇ ಎಂದ. ತೋಳಿಗೆ ಹೇಗೋ ಹಾಗೆಯೇ ಖಾಕಿ ಕಾಗದ ಅಂಟಿಸಿ ಪೂರ್ತಿ ಅಳತೆಯ ನಕ್ಷೆ ಕತ್ತರಿಸಿದ. ಹಳೆ ಮರ ತಂದು ಅದರ ಮೇಲಿಟ್ಟು ಕೊಯ್ದ. ಬೀದಿಯವರ ಮುಂದೆ ಮೇಲಕ್ಕೇರಿಸಿ ಕೂರಿಸಲು ಹೋದರೆ ಒಂದೂ ಕೂರಲಿಲ್ಲ. ವರ್ಷಗಟ್ಟಲೆ ಬಟ್ಟೆ ಕತ್ತರಿಸಿದ ಕೈ, ಎಲ್ಲ ಅಂಚಿಗೂ ಹೊಲಿಗೆಗೆಂದು ಒಂದೊಂದೂವರೆ ಇಂಚು ಮಾರ್ಜಿನ್ ಬಿಟ್ಟಿತ್ತು.

ನರಸಯ್ಯ ನಕ್ಕು ನಕ್ಕು ಜಗಲಿಯ ಮೇಲೆ ಕೂತುಬಿಟ್ಟ. "ಬಟ್ಟೆ ಆದ್ರೆ ಒಳಗೆ ಮಡ್ಚಬೋದು, ತೊಲೆ ಹೆಂಗ್ ಮಡ್ಚೀಯ ರುದ್ರಣ್ಣ?"

ರುದ್ರಯ್ಯ ಕ್ಯಾರೇ ಅನ್ನಲಿಲ್ಲ. ಮತ್ತೆ ಕೊಯ್ದ. ಮೊದಲ ಮಳೆಗೆ ಎರಡು ಸೂರು ಸೇರುವ ಕಡೆ ಸೋರಿತು. ಬಿಚ್ಚಿ ಜೋಡಿಸಿದ. ಮತ್ತೆ ಸೋರಿತು. ಮೂರನೇ ಸಲ ತಗಡನ್ನು ಪ್ಯಾಂಟಿನ ಅಂಚಿನ ಹಾಗೆ ಎರಡು ಮಡಿಕೆ ಮಡಚಿ ಹೆಂಚಿನಡಿಗೆ ತೂರಿಸಿದ. ಆಮೇಲೆ ಬಂದ ಜೋರುಮಳೆಗೆ, ಇಸ್ತ್ರಿ ಮಾಡಿದ ಗಿರಾಕಿಯ ಬಿಳಿ ಶರಟನ್ನು ತೊಡೆಯ ಮೇಲೆ ಹರಡಿಕೊಂಡು ಸರಿಯಾಗಿ ಕಿಟಕಿಯ ಕೆಳಗೇ ಕೂತ. ಮಳೆ ನಿಂತ ಮೇಲೆ ಶರಟು ಎತ್ತಿ ಹೆಂಡತಿಗೆ ತೋರಿಸಿದ. ಒಂದು ಹನಿ ಇರಲಿಲ್ಲ. ನರಸಯ್ಯನನ್ನೂ ಕರೆದು ತೋರಿಸಿದ, ಅವನು ಈ ಸಲ ನಗಲಿಲ್ಲ.

*

ಹನ್ನೊಂದೂವರೆ ಆದರೂ ವೀರಭದ್ರಯ್ಯ ಜಪ್ಪಯ್ಯ ಅನ್ನಲಿಲ್ಲ. ಹೆಣ ಕಾಯಿಸಬಾರದು ಎಂದು ಹೇಳಿ ನೋಡಿದವರೆಲ್ಲ ಸೋತರು. ಸಂಜೆಯೊಳಗೆ ಮಣ್ಣಾಗಬೇಕು. ಹೊತ್ತು ಕಳೆದಷ್ಟೂ ಭಾವನ ಮಾತೇ ನಡೆದುಬಿಡುತ್ತದೆ, ಟೆಂಪೋ ಹತ್ತಿಸಿಯೇ ಬಿಡುತ್ತಾರೆ ಎಂದುಕೊಂಡು ಕಲ್ಲಮ್ಮ ಎದ್ದು ಬಾಗಿಲ ಹತ್ತಿರ ಬಂದಳು.

ಬಾಗಿಲ ಸಂದಿಯಿಂದ ಅವಳು ಅವರನ್ನೇ ನೋಡುತ್ತಿದ್ದಳು. ಅವರು ಕಾಲು ಬದಲಿಸಿ ಬದಲಿಸಿ ನಿಲ್ಲುತ್ತಿದ್ದರು. ಬೀದಿಯ ಕೊನೆಗೆ ಹೋಗಿ ಬಂದರು. ಮೊದಲು ಅಲ್ಲಿ ಖಾಲಿ ಸೈಟಿತ್ತು, ಈಗ ಎರಡಂತಸ್ತಿನ ಮನೆ ಬಂದಿತ್ತು. ಮತ್ತೊಂದು ಕಡೆ ಹೋಗಿ ಬಂದರು. ಹಣೆಯಲ್ಲಿ ಬೆವರು. ಕಲ್ಲಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಥ ನಡಿಗೆಯನ್ನು ಅವಳು ಇಪ್ಪತ್ತೈದು ವರ್ಷ ನಡೆದಿದ್ದಳು. ಅನುಭವಿಸಲಿ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಅನ್ನಿಸಿ, ತನ್ನ ಮೇಲೆ ತನಗೇ ನಾಚಿಕೆಯಾಯಿತು. ತಲೆ ತುಂಬ ಸೆರಗು ಹೊದ್ದು ಹೊರಗೆ ಬಂದು, ಎಲ್ಲರೆದುರು, ಭಾವನ ಮುಂದೆ ನಿಂತಳು.

"ಒಳಗೆ ಬನ್ನಿ ಭಾವ. ತಡ್ಕೋಬೇಡಿ. ನಂಗೊತ್ತಾಗ್ತದೆ."

ವೀರಭದ್ರಯ್ಯ ಅವಳ ಮುಖ ನೋಡಲಿಲ್ಲ. ಚಪ್ಪಲಿ ಬಿಟ್ಟರು. ಹೊಸ್ತಿಲು ದಾಟಿ, ಕೂತಿದ್ದ ತಮ್ಮನ ಮುಂದೆಯೇ ಹಾದು, ಅವಳು ತೋರಿಸಿದ ಬಾಗಿಲಿನೊಳಗೆ ಹೋದರು. ಕಲ್ಲಮ್ಮ ಹೊರಗಿನಿಂದಲೇ, ಬಲಗಡೆ ಗೋಡೆಯಲ್ಲಿ ಕಂಬಿ ಇದೆ, ಹಿಡ್ಕೊಳ್ಳಿ ಅಂದಳು. ಬಹಳ ಹೊತ್ತಾಯಿತು. ನೀರು ಸುರಿಯುವ ಸದ್ದು ನಿಂತ ಮೇಲೂ ಅವರು ಹೊರಗೆ ಬರಲಿಲ್ಲ. ಬಂದಾಗ ಬಾಗಿಲಲ್ಲೇ ನಿಂತರು.

"ಕೂತೆ, ಎದ್ದೆ. ಮಂಡಿ ನೋಯ್ಲಿಲ್ಲ," ಎಂದರು, ಯಾರಿಗೆಂದು ಗೊತ್ತಾಗದ ಹಾಗೆ. "ಕಂಬಿ ಸರಿಯಾಗಿ ಕೈಗೆ ಬತ್ತದೆ. ಯಾರಿಗೆ ಹಾಕಿದ್ದ ಅದ?"

"ನಿಮಗೇ. ನೀವು ಕೋಪ ಮಾಡ್ಕೊಂಡ್ ಹೋದ್ರಲ್ಲ, ಅದರ ಮಾರನೇ ವಾರ. ಅಂಗಡೀಲಿ ಬಟ್ಟೆ ನೇತಾಕೋ ಕಂಬಿ ಅದು. ನಿಮ್ಮ ಶರಟಿನ ತೋಳಿನ ಅಳತೆ ನೋಡಿ ಹಾಕಿದ್ರು. ಅಣ್ಣ ಇವತ್ತಲ್ಲ ನಾಳೆ ಬರ್ತಾನೆ, ಮಂಡಿ ನೋವು, ಕೂತು ಏಳಕ್ಕೆ ಬೇಕಾಗ್ತದೆ ಅಂತ."

ವೀರಭದ್ರಯ್ಯ ಗೋಡೆಗೆ ಹಣೆ ಒತ್ತಿ ಅತ್ತರು. ದೊಡ್ಡ ಸದ್ದು ಮಾಡಿ, ಮಕ್ಕಳ ಹಾಗೆ ಅತ್ತರು. ಎಂಟು ವರ್ಷ ಕಣೋ, ಎಂಟು ವರ್ಷ ಎಂದು ತಮ್ಮನನ್ನೇ ಬೈದರು. ಆಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಂಡು ಪಲ್ಲವಿಯ ಕಡೆಗೆ ಕೈ ಚಾಚಿದರು.

"ಚೊಂಬು ತಾ ಮಗ. ಅಂಗಳ ಗಿಂಗಳ ಬ್ಯಾಡ. ಅವ್ನು ಕಟ್ಟಿದ್ ಬಚ್ಚಲಲ್ಲೇ ನೀರು ಹಾಕಾಣ."

ನಾಲ್ಕು ಜನ ರುದ್ರಯ್ಯನನ್ನು ಕೂತ ಹಾಗೇ ಎತ್ತಿಕೊಂಡು ಬಚ್ಚಲಿಗೆ ಹೋದರು. ಮೊದಲ ಚೊಂಬು ಅಣ್ಣ ಹಾಕಿದರು. ಅಯ್ಯನವರು ಹಣೆಗೆ ವಿಭೂತಿ ಹಚ್ಚಿದರು. ಮೂರು ಗಂಟೆಗೆ, ಹೂವಿನ ವಿಮಾನದಲ್ಲಿ ಕೂತು, ಟೈಲರ್ ರುದ್ರಯ್ಯ ತನ್ನ ಮನೆಯಿಂದಲೇ ಹೊರಟ. ವಿಮಾನ ಬೀದಿಯ ತಿರುವು ದಾಟುವವರೆಗೂ ಕಲ್ಲಮ್ಮ ತಲೆ ಎತ್ತಿಕೊಂಡೇ ನಿಂತಿದ್ದಳು.

ಮಣ್ಣು ಮಾಡಿ ಬಂದವರು ಬಚ್ಚಲ ಮುಂದೆ ಟವೆಲು ಹೆಗಲಿಗೆ ಹಾಕಿಕೊಂಡು ಸಾಲಾಗಿ ನಿಂತರು. ಮೊದಲು ಒಳಗೆ ಹೋದವರು ವೀರಭದ್ರಯ್ಯ. ಹಿರಿಯರಲ್ಲವೇ, ಯಾರೂ ತಕರಾರು ತೆಗೆಯಲಿಲ್ಲ. ಆದರೆ ಕಾಲು ಗಂಟೆಯಾದರೂ ಬಾಗಿಲು ತೆಗೆಯಲಿಲ್ಲವಾದ್ದರಿಂದ ಕಲ್ಲಮ್ಮ ಗಾಬರಿಯಾಗಿ ನರಸಯ್ಯನನ್ನು ಕಳಿಸಿದಳು. ನರಸಯ್ಯ ಬಾಗಿಲು ತಳ್ಳಿ, ಅಲ್ಲೇ ನಿಂತುಬಿಟ್ಟ. ಅವನ ಹಿಂದೆ ಬಂದು ಅವಳೂ ಇಣುಕಿದಳು.

"ನಿಮ್ಮೂರಿಗೆ ನಾನೇ ಬಂದು ಇಂಥದೊಂದು ಕಂಬಿ ಹಾಕ್ಕೊಡ್ತೀನಿ ಬುಡಿ ಯಜಮಾನ್ರೇ," ಎನ್ನುತ್ತಿದ್ದ ನರಸಯ್ಯ.

"ಬ್ಯಾಡ. ನಾನೇ ಹಾಕ್ತೀನಿ," ಎಂದರು ವೀರಭದ್ರಯ್ಯ.

ಒದ್ದೆ ಪಂಚೆಯಲ್ಲಿ, ತಲೆಯಿಂದ ನೀರು ಸೋರುತ್ತಿರಲು, ಅವರು ಬಗ್ಗಿ ನೆಲದಿಂದ ಕಂಬಿಯವರೆಗೆ ಗೋಡೆಯ ಮೇಲೆ ಗೇಣು ಹಾಕುತ್ತಿದ್ದರು. ಮೂರನೆಯ ಗೇಣಿಗೆ ಲೆಕ್ಕ ತಪ್ಪಿತು. ಅಂಗೈಯನ್ನು ಎದೆಗೆ ಒರೆಸಿಕೊಂಡು, ಮತ್ತೆ ನೆಲದಿಂದ ಶುರು ಮಾಡಿದರು.