ಬಾಳಮ್ಮನ ಆಪರೇಷನ್

ಝಳಕಿಯಲ್ಲಿ ಆ ವರ್ಷ ಆಪರೇಷನ್ ಎಂದರೆ ಒಂದೇ ಆಪರೇಷನ್. ಕಣ್ಣಿನ ಪೊರೆ ತೆಗೆಸಿಕೊಂಡವರಿದ್ದರು, ಹರ್ನಿಯಾ ಕೊಯ್ಯಿಸಿಕೊಂಡವರಿದ್ದರು, ಆದರೆ ಅವಕ್ಕೆಲ್ಲ ಅವುಗಳದೇ ಹೆಸರುಗಳಿದ್ದವು. ಬರೀ ಆಪರೇಷನ್ ಅಂದರೆ ಮುಂದೆ ಮಕ್ಕಳಾಗದಂತೆ ಮಾಡಿಸಿಕೊಳ್ಳುವುದು. ಅದು ೧೯೭೬ನೇ ಇಸವಿ. ಶಾಲೆಯ ಮಾಸ್ತರರಿಂದ ಹಿಡಿದು ತಲಾಟಿಯವರೆಗೆ ಎಲ್ಲರೂ ತಿಂಗಳಿಗೆ ಇಷ್ಟು ಜನರನ್ನು ಹಿಡಿದು ತರಬೇಕೆಂದು ಮೇಲಿನಿಂದ ಹುಕುಂ ಬಂದಿತ್ತು.

ಹೀಗಿರುವಾಗ ಹೆದ್ದಾರಿ ಪಕ್ಕದ ಖಾನಾವಳಿಯ ಗುರಪ್ಪ ತನ್ನ ಹೆಂಡತಿ ಬಾಳಮ್ಮನನ್ನು ಮೀರಜದ ದವಾಖಾನೆಯಿಂದ ಒಂದೂವರೆ ತಿಂಗಳ ಮೇಲೆ ಕರೆದುಕೊಂಡು ಬಂದು ಬಸ್ಸಿನಿಂದ ಇಳಿದ. "ಏನಾಗಿತ್ತಲೇ ನಿನ್ನ ಹೆಣ್ತಿಗೆ?" ಎಂದು ಯಾರೋ ಕೇಳಿದರು. "ಆಪರೇಷನ್ ಆತು" ಅಂದ. ಸುಳ್ಳೇನೂ ಅಲ್ಲ. ಕೇಳಿದವನು "ಭೇಷ್!" ಅಂದು ಬೆನ್ನು ತಟ್ಟಿದ. ಗುರಪ್ಪ ತಿದ್ದಲಿಲ್ಲ. ಬಾಳಮ್ಮ ಪಕ್ಕದಲ್ಲೇ ನಿಂತಿದ್ದಳು, ಸೆರಗನ್ನು ಎರಡು ಸುತ್ತು ಹೊದ್ದುಕೊಂಡು. ಅವಳೂ ತಿದ್ದಲಿಲ್ಲ.

ಮೀರಜದಲ್ಲಿ ಅವಳ ಬಲಗಡೆಯ ಮೊಲೆಯನ್ನು ಪೂರ್ತಿ ತೆಗೆದಿದ್ದರು. ಕಂಕುಳೊಳಗಿನ ಗಂಟುಗಳನ್ನೂ ಕೆರೆದು ತೆಗೆದಿದ್ದರು. ಬಲಗೈ ಹೆಗಲಮಟ್ಟಕ್ಕೂ ಏಳುತ್ತಿರಲಿಲ್ಲ.

"ಆ ರೋಗದ ಹೆಸರು ಮನಿಯೊಳಗೂ ಎತ್ತಬ್ಯಾಡ" ಎಂದ ಗುರಪ್ಪ. "ಊರಾಗ ಗೊತ್ತಾತಂದ್ರ ನಿನ್ನ ಕೈಯಾನ ರೊಟ್ಟಿ ಯಾವ ತಿಂತಾನ? ಖಾನಾವಳಿ ನಿಂತಿದ್ದೇ ನಿನ್ನ ರೊಟ್ಟಿ ಮ್ಯಾಲ."

ಆ ಮಾತು ಖರೆ. ಬಾಳಮ್ಮ ಬಡಿದ ಜೋಳದ ರೊಟ್ಟಿಗಾಗಿ ಸೊಲ್ಲಾಪುರದ ಲಾರಿಗಳು ನಿಲ್ಲುತ್ತಿದ್ದವು. ಅತ್ತೆ ಸಿದ್ದವ್ವನಂತೂ ಮಗನಿಗಿಂತ ಒಂದು ಕೈ ಮೇಲು. "ಹೆಸರು ಎತ್ತಬ್ಯಾಡ್ರಿ, ಗ್ವಾಡಿಗೂ ಕಿವಿ ಅದಾವು" ಎಂದು ಕೈ ಮುಗಿದು ಹೇಳಿದಳು. ಹೇಳಿ ಸುಮ್ಮನಾಗಲಿಲ್ಲ. ತನ್ನ ಹಾಸಿಗೆಯನ್ನು ಪಡಸಾಲೆಗೆ ಒಯ್ದಳು. ಪ್ರತಿ ಸೋಮವಾರ ಸೊಸೆಯಿಂದ ಬೆನ್ನು ತಿಕ್ಕಿಸಿಕೊಂಡು ಎರೆದುಕೊಳ್ಳುತ್ತಿದ್ದವಳು ಈಗ ಬಚ್ಚಲ ಬಾಗಿಲು ಹಾಕಿಕೊಂಡು ಒಬ್ಬಳೇ ಎರೆದುಕೊಳ್ಳತೊಡಗಿದಳು. ಬಾಳಮ್ಮ ತನ್ನೊಳಗೇ ಅಂದುಕೊಂಡಳು: ಹದಿನೆಂಟು ವರ್ಷ ತಾಯಿಯೆಂದು ಸೇವೆ ಮಾಡಿದವಳನ್ನು ಈ ಮುದುಕಿ ಹೇಸಿಕೊಳ್ಳುತ್ತಾಳಲ್ಲ!

ಗಂಡನೇನೂ ಕೆಟ್ಟವನಲ್ಲ. ದಿನಾ ಎರಡು ಹೊತ್ತು ಔಷಧ ನೆನಪಿಸುತ್ತಿದ್ದ. ಆದರೆ ಮಾತಾಡುವಾಗ ಅವಳ ಮುಖ ನೋಡುತ್ತಿದ್ದ, ಇಲ್ಲ ಪಾದ ನೋಡುತ್ತಿದ್ದ. ನಡುವೆ ಅವಳು ಇರಲೇ ಇಲ್ಲವೇನೋ ಅನ್ನುವಂತೆ. ಅವಳೂ ಮೈ ತೊಳೆಯುವಾಗ ತಲೆ ಬಗ್ಗಿಸುತ್ತಿರಲಿಲ್ಲ. ಕುಬಸದ ಬಲಗಡೆ ಹಳೆ ಧೋತರದ ತುಂಡನ್ನು ಉಂಡೆ ಮಾಡಿ ಇಟ್ಟುಕೊಳ್ಳುತ್ತಿದ್ದಳು.

ದವಾಖಾನೆಯಿಂದ ಹೊರಡುವ ದಿನ ಅಲ್ಲಿಯ ನರ್ಸಬಾಯಿ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಳು. ಕೈ ಮತ್ತೆ ಏಳಬೇಕಾದರೆ ಬೆರಳುಗಳನ್ನು ಇರುವೆ ಹತ್ತಿದಂತೆ ಗೋಡೆಯ ಮೇಲೆ ಹತ್ತಿಸಬೇಕು, ದಿನಕ್ಕೆ ಒಂದೊಂದು ಬೆರಳಿನಷ್ಟು ಮೇಲೆ. "ನೋವಾದ್ರೂ ಬಿಡಬ್ಯಾಡವಾ. ಮನಸಿನ್ಯಾಗ ಇಟ್ಕೊಂಡೂ ಕುಂದ್ರಬ್ಯಾಡ. ಯಾರ ಕೂಡರೆ ಮಾತಾಡು" ಎಂದಿದ್ದಳು. ಗೋಡೆ ಸಿಕ್ಕಿತು. ಮಾತಾಡಲು ಯಾರು ಸಿಗಬೇಕು? ಜೋಳದ ಚೀಲಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತುಟಿ ಕಚ್ಚಿಕೊಂಡು ಬಾಳಮ್ಮ ಗೋಡೆ ಹತ್ತುತ್ತಿದ್ದಳು. ಊರು ತಿಳಿದಿದ್ದ ಆ ಆಪರೇಷನ್ ಮಾಡಿಸಿಕೊಂಡ ಯಾವ ಹೆಂಗಸೂ ಗೋಡೆ ಹತ್ತುವುದಿಲ್ಲವಲ್ಲ, ಕಂಡವರು ಏನಂದಾರು!

ಕಂಡವರು ಬೇರೆಯದನ್ನೇ ಕಂಡಿದ್ದರು. ಪಂಕ್ಚರ್ ಅಂಗಡಿಯ ಜೈನುದ್ದೀನನ ಹೆಂಡತಿ ಲಾಲಬಿ ಒಂದು ಮಧ್ಯಾಹ್ನ ಬಂದು ಒಲೆಯ ಪಕ್ಕ ಕುಳಿತಳು. ಐದು ಮಕ್ಕಳ ತಾಯಿ, ಸೋತು ಸುಣ್ಣವಾಗಿದ್ದಳು.

"ಬಾಳಕ್ಕ, ಖರೇನ ಹೇಳ್ರಿ. ಆ ಆಪರೇಷನ್ ಮಾಡಿಸಿದ್ರ ಬಲಗೈ ಹೋಗ್ತೈತೇನ್ರಿ?"

"ಯಾರಂದ್ರು ನಿನಗ?"

"ಊರೇ ಅಂತೈತಿ. ನಿಮ್ಮ ಕೈ ನೋಡೇ ಅಂತಾರ. ಕೈ ಹೋದ್ರ ರೊಟ್ಟಿ ಯಾರು ಬಡೀಬೇಕು, ಕೂಸು ಯಾರು ಎತ್ತಬೇಕಂತ ಎಲ್ಲಾರೂ ಒಲ್ಲೆ ಅನ್ನಾಕತ್ತಾರ. ನನಗರೆ ಮಾಡಿಸ್ಬೇಕಂತ ಐತ್ರಿ. ಆರನೇದು ಬಂತಂದ್ರ ನಾ ಉಳಿಯಾಂಗಿಲ್ಲ."

ಖರೆ ಸಂಗತಿ ಬಾಳಮ್ಮನ ನಾಲಿಗೆ ತುದಿಗೆ ಬಂದಿತ್ತು. ಪಡಸಾಲೆಯಲ್ಲಿ ಸಿದ್ದವ್ವ ಕೆಮ್ಮಿದಳು. ಬಾಳಮ್ಮ ಹಿಟ್ಟು ನಾದತೊಡಗಿದಳು.

ಸುದ್ದಿ ತಾಲೂಕಿನ ಊರಾದ ಇಂಡಿಯವರೆಗೆ ಹೋಯಿತು. ಅಲ್ಲಿಂದ ಜೀಪಿನಲ್ಲಿ ಒಬ್ಬ ಸಾಹೇಬ ಬಂದ. ಉಂಡ, ರೊಟ್ಟಿಯನ್ನು ಹೊಗಳಿದ, ಕೈ ತೊಳೆದುಕೊಂಡು ಗುರಪ್ಪನನ್ನು ಕರೆದ.

"ನಿನ್ನ ಹೆಣ್ತಿ ಕೈಯಿಂದ ನಮ್ಮ ಕೆಲಸ ಪೂರಾ ಹಾಳಾಗೇತಿ. ಬರೂ ಸೋಮವಾರ ಚಾವಡಿ ಮುಂದ ಸಭಾ ಇಟ್ಟೇನಿ. ಆಕಿ ಬಂದು ಎಲ್ಲಾ ಹೆಣಮಕ್ಕಳ ಮುಂದ ಕೈ ಮ್ಯಾಲ ಎತ್ತಿ ತೋರಸಬೇಕು, ಏನೂ ತ್ರಾಸ ಇಲ್ಲ ಅಂತ ಹೇಳಬೇಕು. ಅಷ್ಟ." ಆಮೇಲೆ ಖಾನಾವಳಿಯ ತಗಡಿನ ಮಾಡನ್ನು ನೋಡುತ್ತ ಕೇಳಿದ, "ಇದು ರಸ್ತಾದ ಜಾಗಾ ಅಲ್ಲೇನು?"

ಗುರಪ್ಪನಿಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಐದು ದಿನ ಉಳಿದಿತ್ತು. ಆ ಐದು ದಿನವೂ ಅವನು ಚೀಲದ ಕೋಣೆಗೆ ತಾನೇ ಬಂದು, ಹೆಂಡತಿಯ ಮೊಳಕೈ ಹಿಡಿದು ಮೇಲೆ ತಳ್ಳಿದ. "ಇನ್ನೊಂದೀಟು, ಇನ್ನೊಂದೀಟು" ಎನ್ನುತ್ತಿದ್ದ, ಕಣ್ಣು ಮಾತ್ರ ಗೋಡೆಯ ಮೇಲೆ. ಬಾಳಮ್ಮನಿಗೆ ನೋವಿಗಿಂತ ಸಿಟ್ಟು ಹೆಚ್ಚಾಗಿತ್ತು. ದವಾಖಾನೆಯಿಂದ ಬಂದ ಮೇಲೆ ಅವನು ಅವಳನ್ನು ಮುಟ್ಟಿದ್ದು ಇದೇ ಮೊದಲು, ಅದೂ ಸಾಹೇಬನ ಸಲುವಾಗಿ. ಶನಿವಾರದ ಹೊತ್ತಿಗೆ ಕೈ ಕಿವಿ ದಾಟಿತು. ಭಾನುವಾರ ಲಾಲಬಿ ಬಾಗಿಲಲ್ಲಿ ನಿಂತು ಹೇಳಿ ಹೋದಳು: "ನೀವು ಕೈ ಎತ್ತಿದ್ರ ನಾ ಅವತ್ತೇ ಹೆಸರು ಬರಸ್ತೇನ್ರಿ. ನಿಮ್ಮ ಮ್ಯಾಲ ಭರೋಸ."

ಚಾವಡಿಯ ಮುಂದೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕುಳಿತಿದ್ದರು. ಮಾಸ್ತರರು ಭಾಷಣ ಮಾಡಿದರು. ಯಾರೂ ಕೇಳಲಿಲ್ಲ, ಎಲ್ಲರ ಕಣ್ಣೂ ಬಾಳಮ್ಮನ ಬಲಗೈಯ ಮೇಲೆ. ಸಾಹೇಬ ಸನ್ನೆ ಮಾಡಿದ. ಅವಳು ಎದ್ದು ನಿಂತು ಕೈ ಎತ್ತಿದಳು. ಹೆಗಲು ದಾಟಿತು, ಕಿವಿ ದಾಟಿತು, ನೆತ್ತಿಯ ಮೇಲೆ ನೆಟ್ಟಗೆ ನಿಂತಿತು. ಕಣ್ಣಲ್ಲಿ ನೀರು ಬಂತು. ಮಾಸ್ತರರು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಮುಗಿಯುವ ಮೊದಲೇ ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳು. ಕೈಯ ಜೊತೆಗೆ ಕುಬಸವೂ ಎದ್ದಿತ್ತು, ಕುಬಸದ ಜೊತೆಗೆ ಒಳಗಿನ ಉಂಡೆಯೂ ಎದ್ದು ಕುತ್ತಿಗೆಯ ಬುಡಕ್ಕೆ ಬಂದು ಕುಳಿತಿತ್ತು. ಸೆರಗು ಜಾರಿತ್ತು. ನಕ್ಕವಳ ತಲೆಗೆ ಅವಳವ್ವ ಒಂದು ಮೊಟಕಿದಳು. ಆಮೇಲೆ ಯಾರೂ ನಗಲಿಲ್ಲ. ಬಾಳಮ್ಮ ಸೆರಗು ಎಳೆದುಕೊಳ್ಳಬಹುದಿತ್ತು. ಎಡಗೈ ಏಳಲೇ ಇಲ್ಲ. ಎದುರಿಗೆ ಲಾಲಬಿ ಕೂಸನ್ನು ಎದೆಗೆ ಹಾಕಿಕೊಂಡು ಕಣ್ಣು ಬಿಟ್ಟು ಕುಳಿತಿದ್ದಳು.

"ಹೇಳವಾ, ಆಪರೇಷನ್ ಆದ ಮ್ಯಾಲ ಏನರೆ ತ್ರಾಸ ಐತೇನು?" ಗಡಿಬಿಡಿಯಲ್ಲಿ ಸಾಹೇಬ ಕೇಳಿದ.

"ಐತ್ರಿ" ಎಂದಳು ಬಾಳಮ್ಮ. ಉಂಡೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. "ನಂದು ನಿಮ್ಮ ಆಪರೇಷನ್ ಅಲ್ಲರಿ. ನಂದು ಮಲಿ ಕೊಯ್ದಾರ. ಕ್ಯಾನ್ಸರ್ ಆಗಿತ್ತು. ನಿಮ್ಮ ಆಪರೇಷನ್ನಿಗೆ ಕೈ ಹೋಗ್ತೈತೋ ಇಲ್ಲೋ ನನಗ ಗೊತ್ತಿಲ್ಲ. ಲಾಲಬಿ, ಅದನ್ನ ನನ್ನ ಕೇಳಬ್ಯಾಡ, ಡಾಕ್ಟರನ ಕೇಳು."

ಮುಂದಿನ ಸಾಲಿನ ಹೆಂಗಸರು ಕುಳಿತಲ್ಲೇ ಹಿಂದೆ ಸರಿದರು. ಸಾಹೇಬ ಹೆಸರು ಬರೆಸಲು ತಂದಿದ್ದ ಕಾಗದ ಮಡಚಿಕೊಂಡು ಜೀಪು ಹತ್ತಿದ. ಗುರಪ್ಪ ತಲೆ ತಗ್ಗಿಸಿ ನಿಂತೇ ಇದ್ದ.

ಮರುದಿನ ಊರಿನ ಒಬ್ಬರೂ ಊಟಕ್ಕೆ ಬರಲಿಲ್ಲ. ಸುದ್ದಿ ತಿಳಿಯದ ಇಬ್ಬರು ಡ್ರೈವರುಗಳು ಮಾತ್ರ ಕುಳಿತು ಉಣ್ಣುತ್ತಿದ್ದರು. ಗುರಪ್ಪ ಅವರಿಗೆ ಬಡಿಸುತ್ತಿದ್ದ, ಹೆಂಡತಿಯೊಡನೆ ಮಾತು ಬಿಟ್ಟಿದ್ದ. ಬಾಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಎದೆಯೊಳಗೆ ಏನೋ ಹಗುರಾಗಿತ್ತು. ಅದರ ಹಿಂದೆಯೇ ನಾಳೆ ಹೇಗೆಂಬ ಹೆದರಿಕೆಯೂ ಇತ್ತು.

ಸಿದ್ದವ್ವ ಒಳಗೆ ಬಂದು ಬಾಗಿಲು ಮುಂದಕ್ಕೆ ಮಾಡಿದಳು. ಬೈಗುಳಕ್ಕೆ ಬಾಳಮ್ಮ ಸಿದ್ಧಳಾಗಿಯೇ ಇದ್ದಳು. ಮುದುಕಿ ಬೈಯಲಿಲ್ಲ. ಹತ್ತಿರ ಬಂದು ಕೂತು, ಸೊಸೆಯ ಹಿಟ್ಟಿನ ಕೈಯನ್ನು ಹಿಡಿದು ತನ್ನ ಕುಬಸದೊಳಗೆ ಇಟ್ಟುಕೊಂಡಳು. ಬೆರಳಿಗೆ ಹತ್ತಿದ ಗಂಟು ಕಲ್ಲಿನಂತೆ ಗಟ್ಟಿಯಾಗಿತ್ತು. ಬಾಳಮ್ಮನದಕ್ಕಿಂತ ಎಷ್ಟೋ ದೊಡ್ಡದು. ಒಂದು ಕಡೆ ಒಡೆದು ತೇವ ಆಡುತ್ತಿತ್ತು. ಇಂಥದ್ದನ್ನು ತಂದವರನ್ನು ಮೀರಜದಲ್ಲಿ ಹೊತ್ತು ಮೀರಿತೆಂದು ಕೊಯ್ಯದೆ ವಾಪಸು ಕಳಿಸಿದ್ದನ್ನು ಅವಳು ವಾರ್ಡಿನಲ್ಲಿ ಮಲಗಿಯೇ ನೋಡಿದ್ದಳು.

"ಎಷ್ಟ ದಿನಾತ್ರಿ ಅತ್ತಿ?"

"ನೀ ಹೋಗೂಕಿಂತ ಮೊದಲ ಇತ್ತು. ಆವಾಗ ಹುಣಸಿ ಬೀಜದಷ್ಟ ಇತ್ತು."

"ಮತ್ತ ನನ್ನ ಕೂಡ ಬರಾಕ ಏನಾಗಿತ್ರಿ ನಿಮಗ!" ಬಾಳಮ್ಮ ಚೀರಿದಳು. "ಇಬ್ಬರೂ ಕೂಡೇ ಹೋಗಿ ಬರ್ತಿದ್ದಿವಿ! ನಾ ಬಂದ ಮ್ಯಾಲರೆ ಹೇಳಬೇಕಿಲ್ಲೇನ್ರಿ!"

ಸಿದ್ದವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಿಂದಕ್ಕ ಊರು ತಾನೇ ಒಂದು ನೆವಾ ಕೊಟ್ಟಿತು, ನಡೀತು. ಅರವತ್ತೈದು ವರ್ಷದಾಕಿ ನಾನು, ಗಂಡ ಸತ್ತು ಇಪ್ಪತ್ತು ವರ್ಷಾತು. ಯಾವ ಆಪರೇಷನ್ ಅಂತ ಹೇಳ್ಕೊಂಡು ಹೋಗ್ಲೆವ್ವಾ?"

ಬಾಳಮ್ಮ ಎದ್ದು ಬಾಗಿಲು ತೆಗೆದಳು. ಗುರಪ್ಪನ ಕೈಯಲ್ಲಿ ಪಲ್ಯದ ಬೋಗುಣಿ ಇತ್ತು. ಡ್ರೈವರುಗಳು ತಲೆಯೆತ್ತಿ ನೋಡಿದರು.

"ಅವ್ವನ ಸೀರಿ ಅರಿವಿ ಕಟ್ರಿ" ಎಂದಳು, ರಸ್ತೆಯ ಆಚೆಗೂ ಕೇಳುವಂತೆ. "ಆಕಿಗೂ ಕ್ಯಾನ್ಸರ್ ಆಗೇತಿ. ಈಗ ಬರೂ ಗಾಡಿಗೇ ಹೋಗೂಣು."