ಹಿಮದೂರಿನ ಎತ್ತುಗಳು

"ಆಯೀ, ಫ್ರಿಜ್ಜಿನಾಗ ಒಂದು ಮಣ್ಣ ತುಂಬಿದ ಕೊಳವಿ ಇಟ್ಟಿದ್ನೆಲ್ಲ, ಎಲ್ಲೈತಿ?"

ಮುತ್ತವ್ವ ತಲೆ ಎತ್ತಲಿಲ್ಲ. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಮಣೆಯ ಮೇಲೆ ಎರಡು ಬೂದುಬಣ್ಣದ ಎತ್ತುಗಳು ನಿಂತಿದ್ದವು. ಎರಡನೆಯದರ ಕೋಡು ಇನ್ನೂ ಅವಳ ಬೆರಳಲ್ಲಿತ್ತು.

"ಎಂಥಾ ಜೇಡಿ ತಂದೀಯವಾ! ಬೆಣ್ಣಿ, ಬೆಣ್ಣಿ. ನಮ್ಮ ಹೊಳಿ ಮಣ್ಣ ಇದರ ಮುಂದ ಏನೂ ಅಲ್ಲ."

"ಏನ ಮಾಡಿದಿ ಬೇ!"

ಮೊಮ್ಮಗಳು ಅಕ್ಷತಾ ಚೀರಿದ ಸದ್ದಿಗೆ ಜಮಖಂಡಿಯ ಹಂಚುಗಳೆಲ್ಲ ಎದ್ದು ಕೂತವು. ಚಿಕ್ಕಪಡಸಲಗಿಯಲ್ಲಿ ಕೃಷ್ಣೆ ಬ್ಯಾರೇಜು ಬಿಟ್ಟು ಒಂದು ಗೇಣು ಹಿಂದೆ ಸರಿದಳು. ಕಂಡವರಿದ್ದಾರೆ.

ಚೀರದೆ ಏನು ಮಾಡಿಯಾಳು? ಆ ಮಣ್ಣು ಅವಳು ಅಂಟಾರ್ಕ್ಟಿಕಾದ ಕೆರೆಯೊಂದರ ತಳದಿಂದ ಕೊರೆದು ತಂದದ್ದು. ಅಲ್ಲಿನ ಚಳಿಗೆ ಮನುಷ್ಯನ ನೆರಳೂ ನೆಲಕ್ಕೆ ಅಂಟಿಕೊಳ್ಳುತ್ತದೆ, ಕಿತ್ತುಕೊಂಡೇ ಮುಂದಿನ ಹೆಜ್ಜೆ ಇಡಬೇಕು. ಹಿಮ ಕವಿದಿದ್ದಷ್ಟು ಕಾಲ ಆ ಕೆರೆಗೆ ಬರೀ ಬೂದು ಜೇಡಿ ಇಳಿಯಿತು. ಹಿಮ ಸರಿದ ಮೇಲೆ ಪಾಚಿ ಹುಟ್ಟಿ, ಅದರ ಮೇಲೆ ಕೂತ ಮಣ್ಣು ಕಪ್ಪಾಯಿತು. ಬೂದು ಮುಗಿದು ಕಪ್ಪು ಶುರುವಾಗುವಲ್ಲಿನ ಪಾಚಿಗೆ ಎಷ್ಟು ವಯಸ್ಸೋ, ಹಿಮ ಸರಿದು ಅಷ್ಟೇ ವರ್ಷ. ಸೋಮವಾರ ಅದನ್ನು ಪ್ರಯೋಗಾಲಯಕ್ಕೆ ಒಪ್ಪಿಸಬೇಕಿತ್ತು. ಹಬ್ಬಕ್ಕೆಂದು ದಾರಿಯಲ್ಲಿ ಮನೆಗೆ ಇಳಿದಿದ್ದಳು. ಕೊಳವೆ ಹೋದರೆ ಅವಳ ಇಷ್ಟು ವರ್ಷದ ಓದೂ ಹೋದಂತೆ. ಬೇರೆ ತುಂಡು ಉಳಿದಿರಲಿಲ್ಲ.

"ಆಯಿ... ಮ್ಯಾಲಿನ ಕರೀ ಮಣ್ಣು?"

"ಅಯ್ಯ, ಅದರಾಗ ಬರೇ ಕಸ! ಕೂದಲಿನಂಗ ಪಾಚಿ. ಕಸದ ಮಣ್ಣಾಗ ಕೋಡ ನಿಲ್ಲೂದಿಲ್ಲ. ಬುಡದ ಜೇಡಿ ಅಷ್ಟ ಕೆರಕೊಂಡೆ, ಕಸ ಸಮೀಪ ಬಂದಕೂಡ್ಲೆ ಬಿಟ್ಟೆ. ಅಲ್ಲೇ ಐತಿ ನೋಡ, ಮೊಸರಿನ ಗಡಿಗಿ ಹಿಂದ."

ಅಕ್ಷತಾ ಗಡಿಗೆ ಸರಿಸಿದಳು. ಕೊಳವೆಯ ಮೇಲುಭಾಗಕ್ಕೆ ಪ್ಲಾಸ್ಟಿಕ್ಕು ಸುತ್ತಿದಂತೆಯೇ ಇತ್ತು. ಒಳಗೆ ಕಪ್ಪು, ಅದರ ಕೆಳಗೆ ಎರಡು ಬೆರಳಿನಷ್ಟು ಬೂದು, ನಡುವೆ ಗೆರೆ ಎಳೆದ ಹಾಗೆ ಆ ಜಾಗ. ಅಲ್ಲೇ ನೆಲದ ಮೇಲೆ ಕೂತಳು. ಅವಳು ಬಿಟ್ಟ ಉಸಿರಿಗೆ ಬನಹಟ್ಟಿಯಲ್ಲಿ ಒಣಹಾಕಿದ್ದ ಸೀರೆಗಳು ಹಾರಿ ಪಕ್ಕದೂರು ಚಿಮ್ಮಡ ಸೇರಿದವು. ಆಮೇಲೆ ನಗು ಶುರುವಾಯಿತು, ನಿಲ್ಲಲೇ ಇಲ್ಲ.

"ಚೀರತಿ, ನಗತಿ. ಅಲ್ಲಿ ಥಂಡಿ ತಲಿಗೇರೇತಿ ನಿನಗ," ಎಂದು ಮುತ್ತವ್ವ ಕೋಡು ಅಂಟಿಸಿ, ಕಣ್ಣಿಗೆ ಜೋಳದ ಕಾಳು ಒತ್ತಿದಳು. "ಆ ಊರಾಗ ಎತ್ತ ಅದಾವೇನ?"

"ಎತ್ತೂ ಇಲ್ಲ, ಹುಲ್ಲೂ ಇಲ್ಲ, ಆಯಿ. ಬರೇ ಹಿಮ."

"ಹುಲ್ಲೂ ಇಲ್ಲ?"

ಮುತ್ತವ್ವ ಸೊಂಟ ಹಿಡಿದುಕೊಂಡು ಎದ್ದಳು. ಹಿತ್ತಲಿಗೆ ಹೋಗಿ ಒಂದು ಹಿಡಿ ಹಸಿ ಕರಿಕೆ ಹುಲ್ಲು ಕಿತ್ತು ತಂದು, ಇನ್ನೂ ಒಣಗದ ಎತ್ತುಗಳ ಮೂತಿಗೆ ತಾಗುವ ಹಾಗೆ ಇಟ್ಟಳು.